ಐದು ಲಕ್ಷಕ್ಕೆ ಯಾವ ಕಾರು?

ನಮ್ಮ ಭಾಯಿ ನಾಲ್ಕು ವರ್ಷ ಸಂಬಳದಲ್ಲಿ ಉಳಿಸಿ 5 ಲಕ್ಷ ರೂಪಾಯಿ ಕೂಡಿಟ್ಟಿದ್ದಾರೆ. ಅದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರಬೇಕು. ಅದು ವಾರವಿಡೀ ಚಾಮರಾಜಪೇಟೆಯಿಂದ ಅವರ ಆಫೀಸಿಗೆ ಹೋಗಿಬರಬೇಕು, ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿಗೋ ಚೆನ್ನೈಗೋ ಹೋಗಿ ಟ್ರ್ಯಾಕ್ ಡೇಯಲ್ಲಿ ಓಡಬೇಕು. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಯಾರೂ ಗೆಲ್ಲುವುದಿಲ್ಲ, ಬಹುಮಾನವಿಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ, ಸ್ವಂತ ಕಾರನ್ನು ರೇಸ್ ಟ್ರ್ಯಾಕಿಗೆ ಇಳಿಸಿ ಮನಸಾರೆ ಓಡಿಸಿ ಮನೆಗೆ ಬರುವುದು.

ಬಡ್ಡಿಯ ಸಾಲ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಅಬ್ಬಾ ಹೇಳುವುದಕ್ಕೆ ಮೊದಲೇ ಭಾಯಿಯೂ ಅದನ್ನು ಬೇಡವೆಂದಿದ್ದಾರೆ. ಹಾಗಾಗಿ 5 ಲಕ್ಷವೆಂದರೆ 5 ಲಕ್ಷವೇ, ಅದರ ಮೇಲೆ ತಿಂಗಳ ಕಂತಿನಲ್ಲಿ ಎಳೆಯುವ ಹಾಗಿಲ್ಲ. ಈ ವಿಷಯ ನಾನು ಕ್ಯಾಂಟೀನಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಈಗ ಪ್ರತಿದಿನ ಯಾರಾದರೂ ಒಬ್ಬರು ಮೊಬೈಲ್ ಹಿಡಿದು ಬಂದು ‘ಇದನ್ನು ತಗೊಳ್ಳೋಕೆ ಹೇಳು’ ಎನ್ನುತ್ತಾರೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಮಜ್ದಾ ಎಂಎಕ್ಸ್-5 ಎನ್ನುವವರಿಗೆ. 1989ರಲ್ಲಿ ಬಂದ ಆ ಎರಡು ಸೀಟಿನ ಜಪಾನಿ ಕಾರು ಇಡೀ ಪ್ರಪಂಚದಲ್ಲಿ ಕಡಿಮೆ ಬೆಲೆಯ ಸ್ಪೋರ್ಟ್ಸ್ ಕಾರಿಗೆ ಮಾದರಿ. ನಮ್ಮ ದೇಶದಲ್ಲಿ ಅದನ್ನು ಮಾರುವುದೇ ಇಲ್ಲ. ಹೊರಗಿನಿಂದ ತರಿಸಿದರೆ ಸುಂಕಕ್ಕೇ ಭಾಯಿಯ ದುಡ್ಡು ಸಾಲದು. ಆದರೆ ಆ ಕಾರಿನಿಂದ ಒಂದು ಮಾತು ಕಲಿಯಬಹುದು. ಅದರ ಎಂಜಿನ್ ದೊಡ್ಡದಲ್ಲ, ಕಾರು ಹಗುರ. ಮಜಾ ಬರುವುದು ಅಲ್ಲಿಂದ.

ನಮ್ಮ ಕೈಗೆ ಸಿಗುವವು ಹ್ಯಾಚ್‌ಬ್ಯಾಕ್‌ಗಳು. 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್‌ಗೆ 120 ಪಿಎಸ್ ಶಕ್ತಿ ಇದೆ, ಶೋರೂಮ್ ಬೆಲೆ ಶುರುವಾದದ್ದೇ 9.49 ಲಕ್ಷಕ್ಕೆ. ಹ್ಯುಂಡೈ ಐ20 ಎನ್ ಲೈನ್ ಕೂಡ ಅದೇ ಸಾಲಿನದು. ಎರಡೂ ನಮ್ಮ ಜೇಬಿಗೆ ಎಟುಕುವುದಿಲ್ಲ, ಮುಂದಕ್ಕೆ ಹೋಗೋಣ.

ಅಬಾರ್ತ್ ಪುಂಟೊ ಬಗ್ಗೆ ನನಗೂ ಆಸೆ ಇದೆ. 2015ರಲ್ಲಿ ಫಿಯೆಟ್ ಇದನ್ನು 9.95 ಲಕ್ಷಕ್ಕೆ ಬಿಟ್ಟಾಗ ಅಷ್ಟು ದುಡ್ಡಿಗೆ 145 ಪಿಎಸ್ ಬೇರೆ ಯಾರೂ ಕೊಡುತ್ತಿರಲಿಲ್ಲ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಆದರೆ ಫಿಯೆಟ್ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾದವು. ಅಬ್ಬಾ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರ್ ಮೇಲೆ ಇಪ್ಪತ್ತು ವರ್ಷದಿಂದ ನಿಂತವರು. ಈ ಕಾರಿನ ಹೆಸರು ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟು, ‘ಪಾರ್ಟ್ಸ್ ಹುಡುಕೋಕೆ ನೀನೇ ಬರ್ತೀಯಾ?’ ಎಂದರು. ಅಲ್ಲಿಗೆ ಅದು ಮುಗಿಯಿತು.

ಉಳಿದದ್ದು ಎರಡು: ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಮತ್ತು 2018ರಲ್ಲಿ ಬಂದ ಮಾರುತಿ ಸ್ವಿಫ್ಟ್. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಂದಿ ಪೋಲೊ ಪಕ್ಷ. ನಾನು ಸ್ವಿಫ್ಟ್ ಪಕ್ಷ.

ಪೋಲೊ ಜಿಟಿಯ 1.2 ಲೀಟರ್ ಟರ್ಬೊ ಎಂಜಿನ್ 105 ಪಿಎಸ್ ಕೊಡುತ್ತದೆ, ತೂಕ ಸುಮಾರು 1,100 ಕಿಲೊ. ಸ್ವಿಫ್ಟ್ ಪೆಟ್ರೋಲ್‌ಗೆ 83 ಪಿಎಸ್, ತೂಕ ಸುಮಾರು 870 ಕಿಲೊ. ಭಾಗಿಸಿ ನೋಡಿ. ಎರಡಕ್ಕೂ ಟನ್ನಿಗೆ 95 ಪಿಎಸ್‌ನ ಆಸುಪಾಸು ಬರುತ್ತದೆ! ಟರ್ಬೊ ಇರುವುದರಿಂದ ಪೋಲೊ ನೇರ ರಸ್ತೆಯಲ್ಲಿ ಮುಂದೆ ಹೋಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಟ್ರ್ಯಾಕ್ ಎಂದರೆ ನೇರ ರಸ್ತೆಯಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿಲೋಮೀಟರ್‌ನ ಸಣ್ಣ ಟ್ರ್ಯಾಕ್. ಕಾಲು ಆಕ್ಸಿಲರೇಟರ್ ಮೇಲೆ ಎಷ್ಟು ಹೊತ್ತು ಇರುತ್ತದೋ, ಬ್ರೇಕಿನ ಕೆಲಸ ಅಷ್ಟೇ ಮುಖ್ಯ.

ಮೊದಲ ಪಿಯುಸಿಯಲ್ಲಿ ಓದಿದ ಚಲನ ಶಕ್ತಿಯ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಸ್ವಿಫ್ಟ್‌ನ ಚಲನ ಶಕ್ತಿ ಸುಮಾರು 480 ಕಿಲೊಜೂಲ್, ಪೋಲೊದ್ದು 610. ಕಾರು ನಿಲ್ಲಬೇಕಾದರೆ ಅದರಲ್ಲಿ ಹೆಚ್ಚಿನ ಪಾಲು ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕು, ಒಂದು ಸುತ್ತಿನಲ್ಲಿ ಹಲವು ಸಲ. ಶಾಖ ಹೆಚ್ಚಾದರೆ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಫ್ಲೂಯಿಡ್ ಕುದಿದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಈ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತಾ ಹಳತಾದಷ್ಟೂ ಬೇಗ ಕುದಿಯುತ್ತದೆ. ಆದ್ದರಿಂದ ಟ್ರ್ಯಾಕಿಗೆ ಹೋಗುವವರು ಅಲಾಯ್ ವೀಲಿಗೆ ಮೊದಲು ಹೊಸ ಡಾಟ್ 4 ಫ್ಲೂಯಿಡ್ ಹಾಕಿಸಬೇಕು. ಸ್ವಿಫ್ಟ್‌ಗೆ ಬೇಕಾದ ಪ್ಯಾಡ್, ಡಿಸ್ಕ್, ಫ್ಲೂಯಿಡ್ ಎಲ್ಲವೂ ಜೆ.ಸಿ. ರೋಡಿನಲ್ಲಿ ಹತ್ತು ಹೆಜ್ಜೆಗೊಂದು ಅಂಗಡಿಯಲ್ಲಿ ಸಿಗುತ್ತವೆ. ಪೋಲೊ ಜಿಟಿಯಲ್ಲಿ ಏಳು ಗೇರಿನ ಡಿಎಸ್‌ಜಿ ಇದೆ. ಓಡಿಸಲು ಚೆನ್ನ, ಕೆಟ್ಟರೆ ಲಕ್ಷದ ಮಾತು.

‘ಸ್ವಿಫ್ಟ್ ಒಂದು ಸ್ಪೋರ್ಟ್ಸ್ ಕಾರಾ?’ ಎಂದು ನಗುವವರಿಗೆ ಒಂದು ಹಳೆಯ ವಿಷಯ. ಕರಿ ಸ್ಪೀಡ್‌ವೇಗೆ ಆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಅವರು ಮಾರುತಿ 800ರ ಎಂಜಿನ್ನನ್ನೇ ಕೂರಿಸಿ ಒಂದು ಸೀಟಿನ ರೇಸ್ ಕಾರು ಮಾಡಿದರು. ಅದೇ ಫಾರ್ಮುಲಾ ಮಾರುತಿ. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ರೇಸ್ ಶುರು ಮಾಡಿದ್ದು ಆ ಕಾರಿನಲ್ಲಿ. ನಮ್ಮ ಅಜ್ಜಂದಿರು ಸಂತೆಗೆ ಹೋಗುತ್ತಿದ್ದ ಎಂಜಿನ್ ಅದು.

ಪೋಲೊ ಪಕ್ಷದವರು ಒಂದು ಕಡೆ ನನ್ನನ್ನು ಸರಿಯಾಗಿ ಹಿಡಿದಿದ್ದಾರೆ, ಮುಚ್ಚಿಡುವುದಿಲ್ಲ. ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇರುವ ಪೋಲೊಗೆ 2014ರಲ್ಲಿ 4 ನಕ್ಷತ್ರ ಸಿಕ್ಕಿತು. 2018ರ ಸ್ವಿಫ್ಟ್‌ಗೆ ಸಿಕ್ಕಿದ್ದು 2. ಹಗುರ ಹಗುರ ಎಂದು ನಾನು ಹೊಗಳಿದೆನಲ್ಲ, ಅದರ ಇನ್ನೊಂದು ಮುಖವನ್ನು ಅವರು ತೋರಿಸಿದರು. ಅಮ್ಮಿಗೆ ಈ ನಕ್ಷತ್ರದ ಲೆಕ್ಕ ಗೊತ್ತಾದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಹೆದ್ದಾರಿಯಲ್ಲೇ ದಿನ ಕಳೆಯುವವರಾದರೆ ನಾನೂ ಪೋಲೊ ಎನ್ನುತ್ತಿದ್ದೆ. ಭಾಯಿಯ ದಿನದ ದಾರಿ ಮಿನರ್ವ ಸರ್ಕಲ್ಲಿನ ಟ್ರಾಫಿಕ್ಕಿನದು, ಗಂಟೆಗೆ 20 ಕಿಲೋಮೀಟರ್ ಓಡಿದರೆ ಹೆಚ್ಚು. ಆದರೂ ಕೊಯಮತ್ತೂರಿಗೆ ಹೋಗುವ ಸುಮಾರು 360 ಕಿಲೋಮೀಟರ್ ಹೆದ್ದಾರಿಯೇ. ಈ ಪ್ರಶ್ನೆಗೆ ನನ್ನ ಹತ್ತಿರ ಪೂರಾ ಉತ್ತರವಿಲ್ಲ.

ನನ್ನನ್ನು ಸ್ವಿಫ್ಟ್ ಕಡೆಗೆ ಕೊನೆಗೂ ತಳ್ಳಿದ್ದು ಎಂಜಿನ್ನಲ್ಲ, ವಿಮೆಯ ಕಾಗದ. ನಿಮ್ಮ ಮನೆಯ ಗಾಡಿಯ ಪಾಲಿಸಿ ತೆಗೆದು ‘ಬಳಕೆಯ ಮಿತಿ’ ಎಂಬ ಭಾಗ ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆ ಇವಕ್ಕೆ ವಿಮೆ ಅನ್ವಯಿಸುವುದಿಲ್ಲ ಎಂದು ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ನಷ್ಟ ಪೂರ್ತಿ ನಮ್ಮದೇ ಎಂದು ಲೆಕ್ಕ ಹಾಕಿಕೊಂಡೇ ಹೋಗಬೇಕು. ನಾಲ್ಕು ವರ್ಷದ ಉಳಿತಾಯ ಒಂದು ತಿರುವಿನಲ್ಲಿ ಹೋಗಬಹುದು. ಆದ್ದರಿಂದ ‘ಎಷ್ಟು ಕೊಟ್ಟರೆ ಸಿಗುತ್ತದೆ’ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಯಾವುದು ಮುರಿದರೆ ಸಾಲ ಮಾಡದೆ ಸರಿಮಾಡಿಸಬಹುದು ಎಂದು ಕೇಳುತ್ತೇನೆ. ನನ್ನ ಸಲಹೆ ಹೀಗಿದೆ: 4 ಲಕ್ಷಕ್ಕೆ ಸ್ವಲ್ಪ ಹೆಚ್ಚು ಓಡಿದ ಸ್ವಿಫ್ಟ್ ತೆಗೆದುಕೊಳ್ಳಿ. ಉಳಿದ 1 ಲಕ್ಷ ಟೈರ್, ಬ್ರೇಕ್, ಟ್ರ್ಯಾಕ್ ಶುಲ್ಕ, ಒಂದು ಒಳ್ಳೆಯ ಹೆಲ್ಮೆಟ್‌ಗೆ ಇಡಿ.

ನಮ್ಮಂಥ ಹದಿನಾರು ಹದಿನೇಳರವರಿಗೆ? ರಾತ್ರಿ ಏರ್‌ಪೋರ್ಟ್ ರೋಡಿಗೆ ಅಣ್ಣನ ಬೈಕ್ ತೆಗೆದುಕೊಂಡು ಹೋಗುವವರು ಈ ಕಾಲೇಜಿನಲ್ಲೂ ಇದ್ದಾರೆ, ಹೆಸರು ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಂ ಅವರು ಓದಲಿ. ಸಿಕ್ಕಿಬಿದ್ದರೆ ಗಾಡಿಯ ಮಾಲೀಕ ಅಥವಾ ತಂದೆಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಓಡಿಸಿದವರಿಗೆ 25 ವರ್ಷವಾಗುವ ತನಕ ಲೈಸೆನ್ಸ್ ಇಲ್ಲ. ಅದೇ ಕಡೆ ಹೆಣ್ಣೂರು–ಬಾಗಲೂರು ರಸ್ತೆಯಲ್ಲಿ ಕಾರ್ಟಿಂಗ್ ಟ್ರ್ಯಾಕ್ ಇದೆ, ಅಲ್ಲಿಗೆ ಲೈಸೆನ್ಸ್ ಬೇಡ. ನೆಲಕ್ಕೆ ಅಂಟಿ ಕೂತು, ಪವರ್ ಸ್ಟೀರಿಂಗ್ ಇಲ್ಲದ ಕಾರ್ಟನ್ನು ಹತ್ತು ನಿಮಿಷ ತಿರುಗಿಸಿದರೆ ಮರುದಿನ ಪೆನ್ನು ಹಿಡಿಯಲು ಬೆರಳು ಬರುವುದಿಲ್ಲ. ಈದ್‌ಗೆ ಸಿಕ್ಕ ದುಡ್ಡಿನಲ್ಲಿ ನಾನು ಎರಡು ಸಲ ಹೋಗಿದ್ದೇನೆ. ಎರಡೂ ಸಲ ಹನ್ನೆರಡು ವರ್ಷದ ಒಬ್ಬ ಹುಡುಗ ನನ್ನನ್ನು ದಾಟಿಹೋದ.

ಭಾಯಿ ಇನ್ನೂ ಏನೂ ಹೇಳಿಲ್ಲ. ಅವರ ಫೋನಿನಲ್ಲಿ ಕೆಂಪು ಪೋಲೊದ ಫೋಟೊ ಹಾಗೇ ಇದೆ. ಈ ಭಾನುವಾರ ಸಿದ್ದಾಪುರದಲ್ಲಿ ಒಂದು ಬಿಳಿ ಸ್ವಿಫ್ಟ್ ನೋಡಲು ಹೋಗುತ್ತೇವೆ. ಬಾಡಿಗೆ ಪಟ್ಟಿ ಬಳಿದಿದ್ದಾರೋ ಎಂದು ನೋಡಲು ಅಬ್ಬಾ ಅಂಗಡಿಯಿಂದ ಒಂದು ಅಯಸ್ಕಾಂತ ತಂದಿಟ್ಟಿದ್ದಾರೆ.