ಬಿನ್, ಕೋಂ ಮತ್ತು ನಮ್ಮ ಸೋದರತ್ತೆ

ನಮ್ಮ ಆಫೀಸಿನಲ್ಲಿ ಈಗ ಹೊಸ ಹುಚ್ಚು ಶುರುವಾಗಿದೆ, ಪೂರ್ವಜರನ್ನು ಹುಡುಕೋದು. ಒಬ್ಬ ಎಂಜಲು ಕಳಿಸಿ ಡಿಎನ್‌ಎ ರಿಪೋರ್ಟ್ ತರಿಸಿದ್ದಾನೆ. ಇನ್ನೊಬ್ಬ ‘ಎಪಿಗ್ರಾಫಿಯಾ ಕರ್ನಾಟಿಕಾ’ ಡೌನ್‌ಲೋಡ್ ಮಾಡ್ಕೊಂಡು, ತಮ್ಮೂರ ಶಾಸನದಲ್ಲಿರೋ ಗೌಡ ತನ್ನ ಮುತ್ತಾತನ ಮುತ್ತಾತ ಅಂತಾನೆ. ಊರು ಒಂದೇ ಅನ್ನೋದು ಬಿಟ್ರೆ ಬೇರೆ ಪುರಾವೆ ಇಲ್ಲ. ಒಂದು ಗಮನಿಸಿದ್ದೀರಾ? ಯಾರ ಪೂರ್ವಜನೂ ಜೀತಕ್ಕಿದ್ದವನಲ್ಲ. ಎಲ್ಲರೂ ಪಾಳೇಗಾರರ ಕಡೆಯವರೇ!

ಹುಡುಕೋದು ತಪ್ಪಲ್ಲ, ನಾನೂ ಹುಡುಕಿದ್ದೀನಿ. ದಾಖಲೆಯಲ್ಲಿ ಇದ್ದಷ್ಟೇ ಸತ್ಯ ಅಂತ ನಂಬೋದಕ್ಕೆ ನನ್ನ ತಕರಾರು. ಯಾವುದೇ ಡೇಟಾಬೇಸ್ ಕೈಗೆ ಬಂದರೆ ನಾವು ಮೊದಲು ಕೇಳಬೇಕಾದ್ದು, ಇದನ್ನ ಯಾರು ತುಂಬಿಸಿದ್ರು, ಯಾಕೆ ತುಂಬಿಸಿದ್ರು ಅಂತ ತಾನೇ? ಪಹಣಿ ಇರೋದು ಜಮೀನಿನ ಲೆಕ್ಕಕ್ಕೆ, ವಂಶದ ಲೆಕ್ಕಕ್ಕಲ್ಲ. 9ನೇ ಕಾಲಂನಲ್ಲಿ ಮಾಲೀಕನ ಹೆಸರು, ‘ಬಿನ್’ ಅಂತ ಅವನಪ್ಪನ ಹೆಸರು. ಹೆಂಗಸು ಬಂದರೆ ‘ಕೋಂ’ ಅಂತ ಗಂಡನ ಹೆಸರಿನ ಜೊತೆಗೆ. ಅವಳ ತವರಿಗೆ, ಅವಳ ಅವ್ವನಿಗೆ ಅಲ್ಲಿ ಜಾಗ ಇಲ್ಲ. ಕೂಲಿ ಮಾಡಿಯೇ ಬದುಕಿದವರಂತೂ ಆ ಹಾಳೆಯ ಪಾಲಿಗೆ ಹುಟ್ಟೇ ಇಲ್ಲ. ಸುಗ್ಗಿ ಮುಗಿದ ಮೇಲೆ ಬಂದು ನಮ್ಮನೆ ಜಗಲಿ ಮೇಲೆ ಕೂತು ವಂಶಾವಳಿ ಹೇಳ್ತಿದ್ದ ಹೆಳವರ ಬಾಯಲ್ಲೂ ನಾನು ಕೇಳಿದ್ದು ಗಂಡುಮಕ್ಕಳ ಸಾಲೇ.

ಹಳೇ ಕಾಲದ ಮಾತು ಅಂತೀರಾ? ಕೇಳಿ.

ನಮ್ಮ ತಾತ ತೀರಿಕೊಂಡಾಗ ಪೌತಿ ಖಾತೆಗೆ ವಂಶವೃಕ್ಷ ಬೇಕಾಯ್ತು. ತಾತನಿಗೆ ಮೂರು ಗಂಡು, ಒಂದು ಹೆಣ್ಣು. ‘ಅತ್ತೆ ಹೆಸರು?’ ಅಂದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣೋ. ಅವಳ ಹೆಸರು ಹಾಕಿದ್ರೆ ನಾಳೆ ಸೈನಿಗೆ ಅಲೀಬೇಕು’ ಅಂದ್ರು ಚಿಕ್ಕಪ್ಪ. ಅಪ್ಪ ಸುಮ್ಮನಿದ್ರು. ಮೂರೇ ಹೆಸರು ಟೈಪ್ ಮಾಡಿದ್ದು ನಾನೇ, ಬಿಇ ಓದಿದವನು. ಆ ಬಿಇ ಫೀಸಿಗೆ ಓಲೆ ಅಡವಿಟ್ಟಿದ್ದು ಅದೇ ಅತ್ತೆ.

ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಯ್ತು. ಆ ಹಕ್ಕು ಹುಟ್ಟಿನಿಂದಲೇ ಬರೋದು, 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳ್ತು. ನಾವು ಮಾಡಿದ್ದು ಮರೆವಲ್ಲ, ಕಳ್ಳತನ.

ಇನ್ನು ನೂರು ವರ್ಷಕ್ಕೆ ನಮ್ಮ ಮರಿಮಗನೊಬ್ಬ ಹುಡುಕಿದ ಅನ್ಕೊಳ್ಳಿ. ಸೀಲು, ಸಹಿ ಎಲ್ಲಾ ಇರೋ ಕಾಗದ ಸಿಗುತ್ತೆ, ತಾತನಿಗೆ ಮೂರೇ ಮಕ್ಕಳು ಅಂತ ನಂಬ್ತಾನೆ. ಹಾಗಾದರೆ ನಮ್ಮ ಕೈಗೆ ಸಿಕ್ಕಿರೋ ಹಳೇ ಕಾಗದಗಳಲ್ಲಿ ಎಷ್ಟು ಅತ್ತೆಯರು ಕಾಣೆಯಾಗಿರಬಹುದು?

ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೀನಿ. ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ, ಇರಲಿ. ನೀವೂ ಪಾಳೇಗಾರರನ್ನ ಆಮೇಲೆ ಹುಡುಕಿ. ಈ ಸಲ ಊರಿಗೆ ಹೋದಾಗ ಬೀರು ತೆಗೆದು ನಿಮ್ಮನೆ ವಂಶವೃಕ್ಷ ನೋಡಿ. ಅದರಲ್ಲಿ ಅತ್ತೆ ಇದ್ದಾರಾ?