ಮುಚ್ಚಳ ಬಿಚ್ಚದ ತೀರ್ಪು

ಈಗ ನಮ್ಮ ಊರುಗಳಲ್ಲಿ ಬಿಟ್ಟಿಯಾಗಿ ಸಿಗುವ ಸಲಹೆ ಒಂದೇ: 'ಹೊಸದು ತಗೊಂಡುಬಿಡಿ.' ಮಿಕ್ಸಿ ನಿಂತರೆ ಹೊಸದು, ಫ್ಯಾನು ಕಿರುಗುಟ್ಟಿದರೆ ಹೊಸದು. ಗೀಸರಿನಲ್ಲಿ ನೀರು ಕಾಯದಿದ್ದರಂತೂ ಕೇಳುವುದೇ ಬೇಡ. ಹೇಳುವವರಿಗೆ ಖರ್ಚಿಲ್ಲ, ನಾಲ್ಕು ಸ್ಕ್ರೂ ಬಿಚ್ಚುವ ಶ್ರಮವೂ ಇಲ್ಲ. ದುಡ್ಡು ನಮ್ಮದು. ಹೊಸದು ಬರುವವರೆಗೆ ಬೆಳಗ್ಗೆ ಐದಕ್ಕೆ ಎದ್ದು ಗ್ಯಾಸಿನ ಮೇಲೆ ಪಾತ್ರೆ ಪಾತ್ರೆ ನೀರು ಕಾಯಿಸುವ ಕೈಯೂ ನಮ್ಮದೇ. ಆದ್ದರಿಂದ ಮುಚ್ಚಳ ಬಿಚ್ಚದೆ ಕೊಟ್ಟ ತೀರ್ಪನ್ನು ಹೆಂಗಸರಾದ ನಾವು ಒಪ್ಪಬಾರದು ಎಂಬುದೇ ನನ್ನ ವಾದ.

ನಮ್ಮ ಅಮ್ಮಂದಿರು ಹೀಗೆ ಒಪ್ಪುತ್ತಿರಲಿಲ್ಲ. ಬಚ್ಚಲ ಒಲೆ ಹೊಗೆಯಾಡಿದರೆ ಏಕೆಂದು ಅವರಿಗೆ ಗೊತ್ತಿತ್ತು. ಒಲೆಯ ಬಾಯಿ ಬಿರುಕು ಬಿಟ್ಟರೆ ಮಣ್ಣು ಕಲಸಿ ತಾವೇ ಮೆತ್ತುತ್ತಿದ್ದರು. ಕಬ್ಬಿನ ತರಗು ಎಷ್ಟು ಹೊತ್ತು ಉರಿಯುತ್ತದೆ, ತೆಂಗಿನ ಮಟ್ಟೆ ಎಷ್ಟು ಹೊತ್ತು ಎಂಬ ಲೆಕ್ಕ ಬಾಯಲ್ಲೇ ಇತ್ತು. ಹಂಡೆ ಸೋರಿದರೆ ಕಲಾಯಿಯವನ ಮುಂದೆ ಕೂತು, ಅವನು ಮಾಡಿದ ಕೆಲಸ ನೋಡಿಯೇ ಕಾಸು ಕೊಡುತ್ತಿದ್ದರು. ಹಂಡೆ ಹೋಗಿ ಗೋಡೆಯ ಮೇಲೆ ಬಿಳಿ ಡಬ್ಬಿ ಬಂತು. ಹೊಗೆ ಹೋದದ್ದು ಒಳ್ಳೆಯದೇ, ಆ ದಿನಗಳು ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ. ಆದರೆ ಹೊಗೆಯ ಜೊತೆಗೆ ತಿಳಿವಳಿಕೆಯೂ ಹೋಗಬೇಕಾಗಿತ್ತೇ? ದಿನವೂ ಸ್ವಿಚ್ ಒತ್ತುವವಳು ಹೆಂಗಸು. ಕೆಟ್ಟಾಗ ಮಾತ್ರ 'ನಿಮಗೆ ಗೊತ್ತಾಗಲ್ಲ ಬಿಡಿ' ಎಂದು ಅವಳನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ.

ಇದು ಮಂಡ್ಯ ಜಿಲ್ಲೆ, ನೆನಪಿರಲಿ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿದ್ದು ಅದಾದ ಮೇಲೆ, 1905ರಲ್ಲಿ. ಕರೆಂಟು ನಮ್ಮ ನೆರೆಯಲ್ಲೇ ಹುಟ್ಟಿ ನೂರಿಪ್ಪತ್ತು ವರ್ಷ ದಾಟಿದರೂ ಗುತ್ತಲಿನ ಮನೆಯೊಡತಿಗೆ ಕಾಯಿಲ್ ಯಾವುದು, ಥರ್ಮೋಸ್ಟಾಟ್ ಯಾವುದು ಎಂದು ಯಾರೂ ಹೇಳಿಕೊಡಲಿಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ 15 ಲೀಟರಿನ ಗೀಸರ್ ನಿಂತಿತು. ಬಂದ ರಿಪೇರಿಯವನು ಸ್ವಿಚ್ಚನ್ನು ಎರಡು ಸಲ ಒತ್ತಿ, "ಹೋಯ್ತು ಮೇಡಮ್, ಏಳು ವರ್ಷ ಆಗೈತಲ್ಲ, ಹೊಸದೇ ಹಾಕುಸ್ಬುಡಿ" ಎಂದ. ಮುಚ್ಚಳ ಬಿಚ್ಚಿ ತೋರಿಸು ಎಂದರೆ, "ಬಿಚ್ಚಿ ಏನ್ ಮಾಡದು?" ಎಂದು ಬ್ಯಾಗು ಎತ್ತಿಕೊಂಡ. ಹೊಸದಕ್ಕೆ ಎಂಟು ಸಾವಿರ, ಜೊತೆಗೆ ಕೂರಿಸುವ ಕೂಲಿ. ಮಾರನೆಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ, ಐಟಿಐ ಓದಿದವನು. ಅವನು ಮೊದಲು ಪ್ಲಗ್ ಕಿತ್ತು ನೋಡಿದ. ಸಾಕೆಟ್ಟಿನ ಒಂದು ತೂತು ಸುಟ್ಟು ಕಪ್ಪಾಗಿತ್ತು. "ಇದು ಸತ್ತಿಲ್ಲ ಮಿಸ್, ಇದಕ್ಕೆ ಅನ್ನವೇ ಹೋಗ್ತಿಲ್ಲ" ಎಂದ. ಹೊಸ ಸಾಕೆಟ್, ಪ್ಲಗ್ ಮತ್ತು ಕೂಲಿ ಸೇರಿ ನಾನೂರೈವತ್ತು ರೂಪಾಯಿ. ಗೀಸರ್ ಇವತ್ತಿಗೂ ನಡೆಯುತ್ತಿದೆ.

ಇದರಲ್ಲಿ ಪವಾಡವಿಲ್ಲ, ಲೆಕ್ಕವಿದೆ. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಪ್ಲಗ್ ಸ್ವಲ್ಪ ಸಡಿಲವಾದರೂ ಅಲ್ಲೇ ಬಿಸಿಯಾಗಿ ಸುಡುತ್ತದೆ. ಅದಕ್ಕೇ 16 ಆಂಪಿಯರಿನ ದಪ್ಪ ಸಾಕೆಟ್ ಬೇಕು. ದೀಪ ಹತ್ತದಿದ್ದರೆ ಮೊದಲು ಎಂಸಿಬಿ ಅಥವಾ ಫ್ಯೂಸ್ ನೋಡಬೇಕು, ಆಮೇಲೆ ಸ್ವಿಚ್ಚು, ಸಾಕೆಟ್ಟು. ಅವೆಲ್ಲ ಸರಿಯಿದ್ದರೆ ಒಳಗಿನ ಕಟ್ಔಟ್. ನೀರು ಅತಿಯಾಗಿ ಕಾದರೆ, ಅಥವಾ ಟ್ಯಾಂಕಿನಲ್ಲಿ ನೀರಿಲ್ಲದೆ ಗೀಸರ್ ಹಾಕಿದರೆ, ಅದು ತಾನೇ ಕರೆಂಟು ಕಡಿದು ಮನೆ ಉಳಿಸುತ್ತದೆ. ಹಲವು ಗೀಸರುಗಳಲ್ಲಿ ಅದರ ಗುಂಡಿ ಒತ್ತಿದರೆ ಮತ್ತೆ ನಡೆಯುತ್ತದೆ. ಪದೇ ಪದೇ ಕಡಿದರೆ ಥರ್ಮೋಸ್ಟಾಟ್ ಮೇಲೆ ಸಂಶಯ. ದೀಪ ಹತ್ತಿಯೂ ನೀರು ಕಾಯದಿದ್ದರೆ ಕಾಯಿಲ್ ಮೇಲೆ ಸಂಶಯ. ಮೀಟರ್ ಇಟ್ಟರೆ 2000 ವಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ, ಕಾಯಿಲ್ ಮಾತ್ರ. ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ಮೇಲೆ ಸುಣ್ಣ ಕಟ್ಟುತ್ತದೆ. ಅದಕ್ಕಾಗಿ ಇಡೀ ಗೀಸರನ್ನು ಗುಜರಿಗೆ ಹಾಕುವುದು, ಬತ್ತಿ ಸುಟ್ಟಿತೆಂದು ದೀಪದ ಕಂಬ ಎಸೆದಂತೆ.

ಮುಚ್ಚಳವನ್ನು ನೀವೇ ಬಿಚ್ಚಿ ಎನ್ನುತ್ತಿಲ್ಲ. ನೀರು, ಕರೆಂಟು ಕೂಡಿದ ಜಾಗ ಅದು, ಎಂಸಿಬಿ ಇಳಿಸಿ ಕೆಲಸ ಬಲ್ಲವನೇ ಬಿಚ್ಚಲಿ. ನೀವು ಪಕ್ಕದಲ್ಲಿ ನಿಂತು ಕೇಳಿ. ಎರಡು ಕೆಲಸಕ್ಕೆ ಮಾತ್ರ ಖಡಾಖಂಡಿತವಾಗಿ ಬೇಡವೆನ್ನಿ. ಕಟ್ಔಟ್ ಬಿಟ್ಟು ನೇರವಾಗಿ ವೈರು ಕೊಡುತ್ತೇನೆ ಎಂದರೆ ಬೇಡ. ತೊಟ್ಟಿಕ್ಕುವ ಸೇಫ್ಟಿ ವಾಲ್ವಿಗೆ ಬಿರಡೆ ಜಡಿಯುತ್ತೇನೆ ಎಂದರೂ ಬೇಡ. ಕಾದ ನೀರು ಹಿಗ್ಗುತ್ತದೆ, ಅದಕ್ಕೆ ದಾರಿ ಇಲ್ಲದಿದ್ದರೆ ಗೀಸರ್ ಬಾಂಬಾಗುತ್ತದೆ. ಮುಟ್ಟಿದರೆ ಜುಮ್ಮೆನ್ನುವ ಗೀಸರನ್ನಂತೂ ಆ ಕ್ಷಣವೇ ನಿಲ್ಲಿಸಿ.

"ಹೊಸದಕ್ಕೆ ಐದು ಸ್ಟಾರ್ ಇದೆ, ಕರೆಂಟು ಉಳಿಯುತ್ತೆ" ಎನ್ನುತ್ತಾರೆ ಅಂಗಡಿಯವರು. ಸ್ಟಾರ್ ಅಳೆಯುವುದು, ಕಾದ ನೀರು ನಿಂತಾಗ ಸೋರುವ ಶಾಖವನ್ನು. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಹಳೆಯದಕ್ಕೂ ಹೊಸದಕ್ಕೂ ಮುಕ್ಕಾಲು ಯೂನಿಟ್ಟಿನ ಒಳಗೇ ಸಾಕು, ಇಪ್ಪತ್ತು ನಿಮಿಷದ ಕೆಲಸ. ಕಾಯಿಸಿ, ಆರಿಸಿ, ಕೂಡಲೇ ಸ್ನಾನ ಮಾಡುವ ಮನೆಯಲ್ಲಿ ಉಳಿಯುವುದು ಅತ್ಯಲ್ಪ. ಹಾಗೆಂದು ಎಲ್ಲವನ್ನೂ ಉಳಿಸಿಕೊಳ್ಳಿ ಎಂದಲ್ಲ. ಒಳಗಿನ ಟ್ಯಾಂಕೇ ತುಕ್ಕು ಹಿಡಿದು ಸೋರಿದರೆ ಬದಲಿಸಲೇಬೇಕು. ಆ ತುಕ್ಕನ್ನು ತಾನು ಸವೆದು ತಡೆಯಲೆಂದೇ ಟ್ಯಾಂಕಿನೊಳಗೆ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ಸವೆದಾಗ ಬದಲಿಸಿದರೆ ಟ್ಯಾಂಕಿನ ಆಯಸ್ಸು ಹೆಚ್ಚುತ್ತದೆ. ಮಾರುವಾಗ ಈ ಮಾತನ್ನು ಎಷ್ಟು ಅಂಗಡಿಯವರು ಹೇಳಿದ್ದಾರೆ, ನೀವೇ ನೆನಪಿಸಿಕೊಳ್ಳಿ.

ಕೇಂದ್ರ ಸರ್ಕಾರವೂ 2022ರಲ್ಲಿ 'ರಿಪೇರಿಯ ಹಕ್ಕು' ಎಂಬ ಮಾತೆತ್ತಿ ಸಮಿತಿ ಮಾಡಿತು, ಗೃಹೋಪಯೋಗಿ ವಸ್ತುಗಳನ್ನೂ ಅದರಲ್ಲಿ ಸೇರಿಸಿತು. ಒಳ್ಳೆಯದು. ಆದರೆ ಕೇಳುವ ಬಾಯಿಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ವಿದ್ಯುತ್ತು ಶಾಖವಾಗುವ ಜೂಲ್ ನಿಯಮವನ್ನು ಹತ್ತನೇ ತರಗತಿಯಲ್ಲಿ ಬರೆದು ಅಂಕ ಪಡೆದ ಹುಡುಗಿಯರು ನಾವು. ಆ ನಿಯಮವೇ ಬಚ್ಚಲಮನೆಯ ಗೋಡೆಗೆ ನೇತುಬಿದ್ದಾಗ ಏಕೆ ಬಾಯಿ ಮುಚ್ಚಿ ನಿಲ್ಲಬೇಕು? ಇನ್ನು ಮುಂದೆ ಯಾರಾದರೂ 'ಹೋಯ್ತು' ಎಂದರೆ ಏನು ಹೋಯ್ತು ಎಂದು ಕೇಳಿ. ಬಿಚ್ಚಿ ತೋರಿಸಿ ಎನ್ನಿ. ತೋರಿಸದವನಿಗೆ ಕಾಫಿ ಕೊಟ್ಟು ಕಳಿಸಿ, ಕಾಸು ಕೊಡಬೇಡಿ.