ತಪ್ಪುಳ್ಳವರ ದೇವರೂ ನಮ್ಮ ಮೊಹಲ್ಲಾ ಕಮಿಟಿಗಳೂ

ರಮಝಾನಿಗೆ ಕೆಲವು ದಿನಗಳಿರುವಾಗ ಚಾಮರಾಜಪೇಟೆಯ ಒಂದು ಸಭೆಗೆ ನಾವು ಹೋಗಿದ್ದೆವು. ಹಿಂದಿನ ಗ್ರಂಥಗಳ ಬಗ್ಗೆ ಭಾಷಣವಿತ್ತು. ಭಾಷಣಕಾರರು ಕನ್ನಡ ಬೈಬಲ್ಲಿನ ಪುಟಗಳಿಗೆ ಚೀಟಿ ಸಿಕ್ಕಿಸಿಕೊಂಡು ಬಂದಿದ್ದರು. ಯಾಕೋಬ ಕಣ್ಣು ಕಾಣದ ತಂದೆಗೆ ಮೋಸ ಮಾಡಿ ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಹೊಡೆದುಕೊಂಡ. ದಾವೀದ ಅರಸ ತನ್ನ ಸೈನಿಕನೊಬ್ಬನ ಹೆಂಡತಿಯನ್ನು ಕರೆಸಿಕೊಂಡ, ಆಮೇಲೆ ಆ ಸೈನಿಕನನ್ನೇ ಯುದ್ಧದಲ್ಲಿ ಸಾಯುವಂತೆ ಮಾಡಿದ. ಒಂದೊಂದು ಚೀಟಿ ತೆಗೆದಾಗಲೂ ಅವರು ಕೇಳುತ್ತಿದ್ದರು: "ಇಂಥವರ ಜೊತೆ ದೇವರು ಇರುತ್ತಾನೆಯೇ? ಇಂಥವರಿಗೆ ವಾಗ್ದಾನ ಕೊಡುತ್ತಾನೆಯೇ?" ಸಭೆ ನಗುತ್ತಿತ್ತು. ನಾವೂ ಒಂದೆರಡು ಸಲ ನಕ್ಕೆವು ಎಂಬುದನ್ನು ಮುಚ್ಚಿಡುವುದಿಲ್ಲ.

ಅದೇ ರಮಝಾನಿನಲ್ಲಿ ನಮ್ಮ ಕಡೆಯ ಒಂದು ಮೊಹಲ್ಲಾದಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಳ್ಳತನದ ಪ್ರಕರಣದಲ್ಲಿ ಶಿಕ್ಷೆ ಮುಗಿಸಿ ಬಂದಿದ್ದ ಹುಡುಗನೊಬ್ಬ ಇಫ್ತಾರಿನ ಹೊತ್ತಿಗೆ ಖರ್ಜೂರ, ಗಂಜಿ ಹಂಚಲು ತಾನೂ ನಿಲ್ಲುತ್ತೇನೆಂದು ಬಂದ. ಕಳ್ಳತನ ಮಾಡಿದ್ದು ನಿಜವೆಂದು ಅವನೇ ಒಪ್ಪಿಕೊಂಡಿದ್ದ. ಕಮಿಟಿಯ ಹಿರಿಯರೊಬ್ಬರು ಅವನ ಕೈಯಿಂದ ತಟ್ಟೆ ತೆಗೆದುಕೊಂಡು, "ನೀನು ಒಳಗೆ ಹೋಗಿ ನಮಾಝ್ ಮಾಡಿಕೋ ಬೇಟಾ, ಇದೆಲ್ಲ ನಿನಗೆ ಬೇಡ. ಮಸೀದಿಯ ಹೆಸರಿನ ಪ್ರಶ್ನೆ" ಎಂದರು. ಹುಡುಗ ಒಳಗೂ ಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆ ಹಿರಿಯರನ್ನು ನಾವು ಸಭೆಯಲ್ಲೂ ಕಂಡಿದ್ದೆವು. ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದರು.

ಈ ಎರಡೂ ಬೇರೆ ಬೇರೆ ಸಂಗತಿಗಳಲ್ಲ ಎಂಬುದೇ ಈ ಲೇಖನದ ವಾದ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ಪ್ರವಾದಿಗಳು ಪಾಪಗಳಿಂದ ರಕ್ಷಿತರು ಎಂಬುದು ಮುಸ್ಲಿಮರ ನಂಬಿಕೆ. ಊರೀಯನ ಹೆಂಡತಿಯ ಕಥೆಯನ್ನು ಪ್ರವಾದಿ ದಾವೂದ್(ಅ)ರ ಚರಿತ್ರೆಯೆಂದು ಒಪ್ಪಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ಆದರೆ ಒಂದು ಜನಾಂಗ ತನ್ನ ಅತಿ ದೊಡ್ಡ ಅರಸನ ಬಗ್ಗೆ ಇಂಥದ್ದನ್ನು ಬರೆದಿಟ್ಟು, ಸಾವಿರಾರು ವರ್ಷ ತನ್ನ ಮಕ್ಕಳಿಗೆ ಓದಿ ಹೇಳುತ್ತ ಬಂದಿರುವುದೇಕೆ? ಈ ಪ್ರಶ್ನೆಯನ್ನು ನಗೆಯಿಂದ ದಾಟಿಬಿಡಲಾಗದು. ಆಸ್ಥಾನದ ಚರಿತ್ರೆಕಾರರು ಅರಸನ ದಂಡಯಾತ್ರೆಗಳನ್ನು ಬರೆಯುತ್ತಾರೆ, ಅವನ ಪಾಪಗಳನ್ನು ಬರೆಯುವುದಿಲ್ಲ. ಇವರು ಬರೆದರು.

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೈಗೊಂಡ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದರ ಹೀಬ್ರೂ ಭಾಗವನ್ನು ಕನ್ನಡದಲ್ಲಿ 'ಹಳೆಯ ಒಡಂಬಡಿಕೆ' ಎನ್ನುತ್ತಾರೆ, ಉರ್ದುವಿನಲ್ಲಿ 'ಪುರಾನಾ ಅಹದ್‌ನಾಮಾ'. ಅಹದ್ ಕುರ್‌ಆನಿನದೂ ಮಾತು. ಒಡಂಬಡಿಕೆ ಎಂದೊಡನೆ ನಮಗೆ ನೆನಪಾಗುವುದು ಮನೆ ಬಾಡಿಗೆಯ ಕರಾರು. ಅದಕ್ಕೆ ಎರಡು ಸಹಿ ಬೇಕು, ಒಬ್ಬ ತಪ್ಪಿದರೆ ಇನ್ನೊಬ್ಬ ಬಿಡಿಸಿಕೊಳ್ಳಬಹುದು.

ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ಬೇರೆಯೇ ಕರಾರಿದೆ. ಪ್ರಾಣಿಗಳನ್ನು ಸೀಳಿ ಎರಡು ಸಾಲಾಗಿ ಇಟ್ಟು, ಒಪ್ಪಂದ ಮಾಡಿಕೊಳ್ಳುವವರು ನಡುವೆ ಹಾದುಹೋಗುವುದು ಆ ಕಾಲದ ಪದ್ಧತಿ. ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಎಂಬುದು ಅದರ ಅರ್ಥ. ಅಲ್ಲಿ ಅಬ್ರಹಾಮನಿಗೆ ಗಾಢ ನಿದ್ರೆ ಬಂದುಬಿಡುತ್ತದೆ. ದೇವರ ಗುರುತಾದ ಹೊಗೆಯೂ ಬೆಂಕಿಯೂ ಮಾತ್ರ ಆ ತುಂಡುಗಳ ನಡುವೆ ಹಾದುಹೋಗುತ್ತವೆ. ಅಂದರೆ ಸಹಿ ಒಂದೇ, ಅದು ದೇವರದು. ಮನುಷ್ಯನ ಒಳ್ಳೆಯತನವನ್ನು ಜಾಮೀನಾಗಿ ಇಟ್ಟುಕೊಂಡಿದ್ದರೆ ಆ ವಾಗ್ದಾನ ಒಂದು ತಲೆಮಾರೂ ಉಳಿಯುತ್ತಿರಲಿಲ್ಲ.

ಹಾಗಾದರೆ ಕಟ್ಟುಪಾಡೇ ಇಲ್ಲವೇ? ಇದೆ. ಸಿನಾಯ್ ಬೆಟ್ಟದಲ್ಲಿ ಆಜ್ಞೆಗಳು ಬಂದವು, ಜನರೂ ಪಾಲಿಸುತ್ತೇವೆಂದರು. ಮೋಶೆ, ನಮ್ಮ ಮೂಸಾ(ಅ), ಬೆಟ್ಟದಲ್ಲಿದ್ದ ನಲವತ್ತು ದಿನ ಮುಗಿಯುವುದರೊಳಗೆ ಕೆಳಗೆ ಚಿನ್ನದ ಕರು ಸಿದ್ಧವಾಗಿತ್ತು. ಅವರು ಕಲ್ಲಿನ ಹಲಗೆಗಳನ್ನು ನೆಲಕ್ಕಪ್ಪಳಿಸಿದರು. ಜನರು ಶಿಕ್ಷೆಯನ್ನೂ ಉಂಡರು. ಆಮೇಲೆ ದೇವರು ಇನ್ನೆರಡು ಹಲಗೆಗಳನ್ನು ಕೆತ್ತಿಕೊಂಡು ಬಾ ಎಂದ. ಒಡೆದ ಹಲಗೆಗಳನ್ನೂ ಇಡೀ ಹಲಗೆಗಳ ಜೊತೆಗೇ ಮಂಜೂಷದಲ್ಲಿ ಇಟ್ಟಿದ್ದರು ಎಂದು ಯಹೂದಿ ಪಂಡಿತರ ತಲ್ಮೂದ್ ಹೇಳುತ್ತದೆ. ಸೂರಃ ಬಕರಃದಲ್ಲೂ ಆ ಪೆಟ್ಟಿಗೆಯ ಪ್ರಸ್ತಾಪವಿದೆ: ಅದರಲ್ಲಿ ನಿಮ್ಮ ಪ್ರಭುವಿನ ಕಡೆಯಿಂದ 'ಸಕೀನಾ' ಇದೆ, ಮೂಸಾ-ಹಾರೂನರ ಮನೆತನಗಳು ಬಿಟ್ಟುಹೋದ ಅವಶೇಷಗಳಿವೆ ಎಂದು. ಆ ಅವಶೇಷಗಳಲ್ಲಿ ಹಲಗೆಯ ಚೂರುಗಳಿದ್ದವೆಂದು ನಮ್ಮ ವ್ಯಾಖ್ಯಾನಕಾರರೂ ಬರೆದಿದ್ದಾರೆ. ಯಹೂದಿಗಳು ದೇವರ ಸಾನ್ನಿಧ್ಯವನ್ನು ಕರೆಯುವ 'ಶೆಖೀನಾ' ಎಂಬ ಮಾತು ನಮ್ಮ ಸಕೀನಾಳ ಅಕ್ಕ. ಗಲ್ಲಿಗೊಬ್ಬಳು ಮಗಳಿಗೆ ಆ ಹೆಸರಿಡುವ ನಾವು, ಆ ಸಕೀನಾ ಒಡೆದ ಚೂರುಗಳ ಜೊತೆಯಲ್ಲೇ ಇತ್ತು ಎಂಬುದನ್ನು ಮರೆತಿದ್ದೇವೆ.

"ಹೀಗೆ ಹೇಳಿದರೆ ಪಾಪಕ್ಕೆ ಪರವಾನಗಿ ಕೊಟ್ಟಂತಾಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಅವರು ದಾವೀದನ ಕಥೆಯನ್ನು ಕೊನೆಯವರೆಗೆ ಓದಬೇಕು. ನಾತಾನನೆಂಬ ಪ್ರವಾದಿ ಅರಮನೆಗೆ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಸಾಹುಕಾರನ ಕಥೆ ಹೇಳುತ್ತಾನೆ. ಅರಸ ಸಿಟ್ಟಾದಾಗ, ಆ ಮನುಷ್ಯ ನೀನೇ ಎನ್ನುತ್ತಾನೆ. ಸತ್ತ ಊರೀಯ ಹಿತ್ತಿಯ ಕುಲದವನು, ಹೊರಗಿನವನು. ದೇವರು ತಾನೇ ಆರಿಸಿದ ಅರಸನ ಎದುರು ಆ ಹೊರಗಿನವನ ಪರ ನಿಂತ. ಅರಸನ ಮಗು ಸತ್ತಿತು, ಮನೆಯೊಳಗೇ ರಕ್ತ ಹರಿಯಿತು, ಸ್ವಂತ ಮಗನೇ ದಂಗೆಯೆದ್ದ. ವಾಗ್ದಾನ ಹೋಗಲಿಲ್ಲ, ಶಿಕ್ಷೆಯೂ ತಪ್ಪಲಿಲ್ಲ. ಕುರ್‌ಆನಿನ ಸೂರಃ ಸ್ವಾದ್‌ನಲ್ಲೂ ಗೋಡೆ ಹತ್ತಿ ಬಂದ ಇಬ್ಬರು ಕುರಿಗಳ ವ್ಯಾಜ್ಯವನ್ನು ದಾವೂದ್(ಅ)ರ ಮುಂದಿಡುತ್ತಾರೆ. ಒಬ್ಬನಿಗೆ ತೊಂಬತ್ತೊಂಬತ್ತು, ಇನ್ನೊಬ್ಬನಿಗೆ ಒಂದು. ತೀರ್ಪು ಕೊಟ್ಟ ಮೇಲೆ ಅದು ತನ್ನ ಪರೀಕ್ಷೆಯೆಂದು ಅವರಿಗೆ ಹೊಳೆಯುತ್ತದೆ. ಕ್ಷಮೆ ಬೇಡಿ ಬಾಗುತ್ತಾರೆ, ಕ್ಷಮೆ ಸಿಗುತ್ತದೆ. ನಮ್ಮ ಭಾಷಣಕಾರರ ಚೀಟಿ ಮೊದಲ ಪುಟದಲ್ಲಿತ್ತು, ನಾತಾನ ಬರುವ ಪುಟದಲ್ಲಿರಲಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಚಾಮರಾಜಪೇಟೆಯ ಅಂಚಿನಲ್ಲೇ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆಯಿದೆ. ಹೈದರಲಿ ಆರಂಭಿಸಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು. ಅದೇ ವರ್ಷ ಮರಾಠರ ಸೇನೆಯ ಕಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಶಾರದೆಯ ವಿಗ್ರಹದ ಮರುಸ್ಥಾಪನೆಗೆ ನೆರವಾದವರು ಟಿಪ್ಪು. ಆ ಪತ್ರಗಳು ಉಳಿದಿವೆ, ನಾವು ಹೆಮ್ಮೆಯಿಂದ ಓದುತ್ತೇವೆ. ಆದರೆ 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದೂ, ಕೊಡಗಿನ ಜನರ ಮೇಲೆ ದಂಡೆತ್ತಿ ಅವರನ್ನು ಸೆರೆಯೊಯ್ದದ್ದೂ ಅದೇ ಸುಲ್ತಾನರ ಕಾಲದ ಸಂಗತಿಗಳು. 2015ರಲ್ಲಿ ಸರ್ಕಾರ ಜಯಂತಿ ಆರಂಭಿಸಿದಾಗಿನಿಂದ 2019ರಲ್ಲಿ ನಿಲ್ಲಿಸುವವರೆಗೂ ಒಂದು ಕಡೆಗೆ ಅವರು ಬರೀ ರಾಕ್ಷಸ, ಇನ್ನೊಂದು ಕಡೆಗೆ ಬರೀ ಹುತಾತ್ಮ. ಟಿಪ್ಪು ಪ್ರವಾದಿಯಲ್ಲ, ಅವರನ್ನು ದೋಷರಹಿತರೆಂದು ನಂಬಬೇಕೆಂದು ಯಾವ ಅಕೀದಾವೂ ಹೇಳುವುದಿಲ್ಲ. ಆದರೂ ಮಂಗಳೂರಿನ ಸೆರೆಯ ಬಗ್ಗೆ ನಾವೇ ಒಂದು ಕಥೆ ಬರೆಯಲು ನಮ್ಮ ಪೆನ್ನು ಏಳುವುದಿಲ್ಲ. ದ್ವೇಷಿಗಳ ಕೈಗೆ ಕಲ್ಲು ಕೊಟ್ಟಂತಾಗುತ್ತದೆ ಎಂಬ ಭಯ. ಭಯಕ್ಕೆ ಕಾರಣವಿದೆ, ಅಲ್ಲಗಳೆಯುವುದಿಲ್ಲ. ಆದರೆ ಆ ಹೀಬ್ರೂ ಜನರೂ ಸುರಕ್ಷಿತವಾಗಿ ಕೂತು ಬರೆದವರಲ್ಲ. ದೇಗುಲ ಸುಟ್ಟುಹೋಗಿ, ಬಾಬಿಲೋನಿಗೆ ಸೆರೆಹೋದ ಮೇಲೂ ಅವರು ತಮ್ಮ ಅರಸರ ಪಾಪದ ಪುಟಗಳನ್ನು ಹರಿದು ಹಾಕಲಿಲ್ಲ. ದೇವರು ತಮ್ಮನ್ನು ಕೈಬಿಟ್ಟಿಲ್ಲವೆಂದು ನಂಬಿದವರಿಗೆ ಮಾತ್ರ ತಮ್ಮ ತಪ್ಪನ್ನು ಬರೆಯುವ ಧೈರ್ಯ ಬರುತ್ತದೆ.

ಆ ವಾಗ್ದಾನವನ್ನೇ ಜಮೀನಿನ ಕ್ರಯಪತ್ರ ಮಾಡಿಕೊಂಡವರೂ ಇಂದು ಇದ್ದಾರೆ. 2023ರ ಅಕ್ಟೋಬರಿನಲ್ಲಿ ಇಸ್ರೇಲಿನ ಪ್ರಧಾನಿ ಗಾಝಾದ ಯುದ್ಧದ ಮಾತಿಗೆ ಅಮಾಲೇಕ್ಯರ ಹಳೆಯ ಕಥೆಯನ್ನು ಎಳೆತಂದರು. ಆದರೆ ಭೂಮಿ ದೇವರದು, ನೀವು ಅದರಲ್ಲಿ ಪರದೇಶಿಗಳಂತೆ ಇರುವವರು ಎಂದು ಯಾಜಕಕಾಂಡವೇ ಹೇಳುತ್ತದೆ. ನಿಮ್ಮನ್ನು ಆರಿಸಿದ್ದರಿಂದಲೇ ನಿಮ್ಮ ಅಪರಾಧಕ್ಕೆ ಲೆಕ್ಕ ಕೇಳುತ್ತೇನೆ ಎಂಬ ಎಚ್ಚರಿಕೆ ಆಮೋಸನ ಪುಸ್ತಕದಲ್ಲಿದೆ. ಅಬ್ರಹಾಮನ ಮನೆಯಿಂದ ಹೊರದೂಡಲ್ಪಟ್ಟ ಹಾಗರಳ, ನಮ್ಮ ಹಾಜರಾರ, ಮಗುವಿನ ಅಳು ದೇವರಿಗೆ ಕೇಳಿತು ಎಂದು ಬರೆದಿಟ್ಟಿರುವುದೂ ಅದೇ ಗ್ರಂಥ. ಪ್ರತಿ ಹಾಜಿ ಸಫಾ-ಮರ್ವಾದ ನಡುವೆ ಓಡುವುದು ಆ ತಾಯಿಯ ಓಟವನ್ನೇ. ಹೊರದೂಡಿಸಿಕೊಂಡವಳ ನೀರನ್ನು ಕ್ಯಾನಿನಲ್ಲಿ ತುಂಬಿಕೊಂಡು ಬಂದು ಗಲ್ಲಿಗೆಲ್ಲ ಹಂಚುವವರು, ತಮ್ಮದೇ ಗಲ್ಲಿಯ ಹುಡುಗನನ್ನು ಹೊರದೂಡುವುದು ಯಾವ ನ್ಯಾಯ?

ತಮಗೆ ತಾವೇ ಅನ್ಯಾಯ ಮಾಡಿಕೊಂಡವರನ್ನು 'ನನ್ನ ದಾಸರೇ' ಎಂದೇ ಕರೆದು, ನಿರಾಶರಾಗಬೇಡಿ ಎನ್ನುತ್ತದೆ ಸೂರಃ ಝುಮರ್. ಈ ವಚನ ನಮ್ಮ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆದರೆ ಮಿಂಬರಿನಿಂದ ಇಳಿದು ಚಪ್ಪಲಿ ಇಡುವ ಜಾಗಕ್ಕೆ ಬರುವಷ್ಟರಲ್ಲಿ ಅದು ಎಲ್ಲಿಯೋ ಕಳೆದುಹೋಗುತ್ತದೆ. ಹೆಸರು ಕೆಡುವುದೆಂದು ಹೆದರಿದ ಕಮಿಟಿಯವರನ್ನು ನಾವು ಕೇಳುವುದು ಇಷ್ಟೇ: ಕದ್ದವನಿಗೆ ನ್ಯಾಯಾಲಯ ಶಿಕ್ಷೆ ಕೊಟ್ಟಾಗಿದೆ, ಅವನು ಅದನ್ನು ಮುಗಿಸಿಯೂ ಆಗಿದೆ. ಇನ್ನು ನೀವು ಕೊಡುತ್ತಿರುವುದು ಯಾವ ಕಾನೂನಿನ ಶಿಕ್ಷೆ? ಸಭೆಯಲ್ಲಿ ಭಾಷಣಕಾರರು ಕೇಳಿದ ಪ್ರಶ್ನೆಗೂ ನಮ್ಮ ಉತ್ತರ ಇದೇ: ಹೌದು, ಇಂಥವರ ಜೊತೆಯೂ ದೇವರು ಇರುತ್ತಾನೆ. ಇಲ್ಲದಿದ್ದರೆ ಆ ಸಭೆಯಲ್ಲಿ ಕೂತಿದ್ದ ನಮ್ಮಲ್ಲಿ ಯಾರ ಜೊತೆ ಇರುತ್ತಿದ್ದ?

ಆ ಹುಡುಗ ಈಗ ಬೇರೆ ಮೊಹಲ್ಲಾದ ಮಸೀದಿಗೆ ಹೋಗುತ್ತಾನಂತೆ. ಅವನ ಮನೆ ಕಮಿಟಿಯವರಿಗೆ ಗೊತ್ತು. ಮುಂದಿನ ರಮಝಾನಿನ ಮೊದಲ ಇಫ್ತಾರಿಗೆ ಮುಂಚೆ ಅವರು ಅವನ ಬಾಗಿಲಿಗೆ ಹೋಗಿ ಆ ತಟ್ಟೆಯನ್ನು ಅವನ ಕೈಗೆ ಕೊಡಲಿ.